ಪ್ರವಾಸದ ಚಿತ್ರಗಳೂ ಅವುಗಳ ಜೋಪಾನವೂ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು. ದೇಶ ಸುತ್ತಿದವನು ತಾನು ಕಂಡುದನ್ನು ಊರಿಗೆ ಬಂದು ಹೇಳಬೇಕು. ಸಾಧ್ಯವಾದರೆ ತೋರಿಸಲೂ ಬೇಕು. ಹಿಂದಿನವರಿಗೆ ಇದಕ್ಕೆ ಇದ್ದ ಸಾಧನಗಳು ನಾಲಿಗೆ ಮತ್ತು ಲೇಖನಿ ಮಾತ್ರ. ಇಂದಾದರೋ ವಿಜಯಪುರದ ಗೋಳಗುಮ್ಮಟವನ್ನು ನೋಡಹೊರಟ ವಿದ್ಯಾರ್ಥಿಗಳ ಗುಂಪಿನಲ್ಲಿಯೂ, ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ನಡೆದುಹೋಗುವ ತಾಯಂದಿರ ಕೈಚೀಲದಲ್ಲಿಯೂ ಮೊಬೈಲು ಇರುತ್ತದೆ. ಅದರೊಳಗೆ ಕ್ಯಾಮರಾ ಇರುತ್ತದೆ. ಚಿತ್ರ ತೆಗೆಯುವುದು ಸುಲಭವಾಯಿತು. ತೆಗೆದುದನ್ನು ಉಳಿಸಿಕೊಳ್ಳುವುದು ಮಾತ್ರ ಸುಲಭವಾಗಲಿಲ್ಲ. ಪ್ರವಾಸಕ್ಕೆ ಯಾವ ಸಲಕರಣೆಗಳು ಸಾಕು, ತೆಗೆದ ಚಿತ್ರಗಳನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಿಂದಿನ ಕಾಲದ ಛಾಯಾಗ್ರಾಹಕರ ಪಾಡನ್ನು ನೋಡೋಣ. 1855ರಲ್ಲಿ ಮುಂಬಯಿ ಸರಕಾರವು ಥಾಮಸ್ ಬಿಗ್ಸ್ ಎಂಬ ತೋಪುದಳದ ಅಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವರು ನಮ್ಮ ನೆರೆಯ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರಗಳನ್ನು ತೆಗೆದರು. ಚಿಕ್ಕ ಚಿತ್ರವನ್ನು ದೊಡ್ಡದಾಗಿ ಮಾಡಿಕೊಳ್ಳುವ ಸುಲಭೋಪಾಯ ಆಗ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ಕಾಗದವನ್ನೇ ಕ್ಯಾಮರಾದೊಳಗೆ ಇಡಬೇಕಾಗಿತ್ತು. ಆದುದರಿಂದ ಕ್ಯಾಮರಾ ಎಂದರೆ ಒಂದು ದೊಡ್ಡ ಮರದ ಪೆಟ್ಟಿಗೆ. ಅದರೊಡನೆ ಭಾರವಾದ ಮುಕ್ಕಾಲಿ, ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದ, ರಾಸಾಯನಿಕ ದ್ರವಗಳ ಸೀಸೆಗಳು, ತೊಳೆಯಲು ನೀರು, ಬೆಳಕು ಹೊಗದ ಒಂದು ಕೋಣೆ, ಇಷ್ಟೂ ಬೇಕು. ಬೆಳಕು ತಾಗಿದಲ್ಲಿ ಆ ಕಾಗದ ಕಪ್ಪಾಗುವುದು. ಹೀಗೆ ಬಿಳಿಯದು ಕಪ್ಪಾಗಿ, ಕಪ್ಪು ಬಿಳಿದಾಗಿ ಮೂಡಿದ ಹಾಳೆಗೆ ನೆಗೆಟಿವ್ ಎಂದು ಹೆಸರು. ಅದನ್ನು ಇನ್ನೊಂದು ಲೇಪಿತ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಸರಿಯಾದ ಚಿತ್ರ ದೊರೆಯುತ್ತದೆ. ಒಂದು ನೆಗೆಟಿವಿನಿಂದ ಬೇಕಾದಷ್ಟು ಪ್ರತಿಗಳನ್ನು ಪಡೆಯಬಹುದು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬಿಜಾಪುರದ ವಾಸ್ತುಶಿಲ್ಪದ ಗ್ರಂಥದಲ್ಲಿ ಬಿಗ್ಸ್ ಅವರ ಚಿತ್ರಗಳು ಸೇರಿದವು. ಸುರಪುರದ ಇತಿಹಾಸದಲ್ಲಿ ಹೆಸರಾದ ಮೆಡೋಸ್ ಟೇಲರ್ ಅವರೇ ಅದಕ್ಕೆ ಐತಿಹಾಸಿಕ ವಿವರಣೆ ಬರೆದರು.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಂಪೆಯಲ್ಲಿ ಸುಮಾರು ಅರವತ್ತು ದೊಡ್ಡ ಕಾಗದದ ನೆಗೆಟಿವುಗಳನ್ನು ಸಿದ್ಧಪಡಿಸಿದರು. ಅವು ಬಹುಕಾಲ ಮರೆತುಹೋಗಿದ್ದು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. ಅವುಗಳಲ್ಲಿ ಒಂದು ವಿಶೇಷವುಂಟು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲರೂ ಬಲ್ಲೆವು. ಗ್ರೀನ್‌ಲಾ ಅವರ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಆ ಶಿಖರವಿಲ್ಲ, ಚಿತ್ರವಿದೆ. ವಸ್ತು ಅಳಿದ ಮೇಲೆ ಚಿತ್ರವೇ ಸಾಕ್ಷಿಯಾಗಿ ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಉಳಿಯದೆ ಹೋದುದಕ್ಕೂ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ನಮ್ಮ ಸಮೀಪದ ಕೊಲ್ಹಾಪುರದಲ್ಲಿ. ಇಂದು ಆ ಚಿತ್ರದ ಪ್ರತಿಯೊಂದೂ ಉಳಿದಿಲ್ಲ. ಒಂದು ನಾಡಿನ ಮೊದಲ ಮಾತಿನ ಚಿತ್ರಕ್ಕೇ ಈ ಗತಿಯಾದರೆ, ನಮ್ಮ ಮನೆಯ ಚಿತ್ರಗಳು ತಾವಾಗಿಯೇ ಉಳಿದಾವು ಎಂದು ನಂಬಿ ಕೂಡ್ರುವುದು ಹೇಗೆ?

ಇಂದಿನ ಚಿತ್ರಕ್ಕೆ ಕಾಗದವಾಗಲಿ ಫಿಲ್ಮಾಗಲಿ ಇಲ್ಲ. ಬೆಳಕನ್ನು ಯಂತ್ರವು ಅಂಕಿಗಳಾಗಿ ಮಾರ್ಪಡಿಸಿ, ಉಗುರಿನಷ್ಟು ಚಿಕ್ಕ ಸ್ಮೃತಿಪಟಲದಲ್ಲಿ ಬರೆದಿಡುತ್ತದೆ. ಈ ಅಂಕಿಗಳಿಗೆ ಒಂದು ದೊಡ್ಡ ಗುಣವುಂಟು: ಎಷ್ಟು ಸಲ ನಕಲು ಮಾಡಿದರೂ ಮೂಲಕ್ಕೂ ನಕಲಿಗೂ ಕೂದಲೆಳೆಯಷ್ಟೂ ಭೇದವಿರುವುದಿಲ್ಲ. ಒಂದು ದೊಡ್ಡ ದೋಷವೂ ಉಂಟು: ಹರಿದ ಕಾಗದದಲ್ಲಿ ಅರ್ಧವಾದರೂ ಉಳಿಯುತ್ತದೆ, ಆದರೆ ಕಾರ್ಡು ಕೆಟ್ಟರೆ ಅಥವಾ ಮೊಬೈಲು ಕಳೆದರೆ ಸಾವಿರಾರು ಚಿತ್ರಗಳು ಒಂದೇ ಕ್ಷಣದಲ್ಲಿ ಇಲ್ಲವಾಗುತ್ತವೆ. ಗುಣವನ್ನು ಬಳಸಿಕೊಂಡು ದೋಷವನ್ನು ಗೆಲ್ಲುವುದೇ ಜೋಪಾನದ ಮರ್ಮ.

ಇನ್ನು ಸಲಕರಣೆಗಳು. ಹೊತ್ತವನಿಗೆ ಭಾರವಾದದ್ದು ಕೊನೆಗೆ ಮನೆಯಲ್ಲಿಯೇ ಉಳಿಯುವುದರಿಂದ ಸಾಮಾನು ಹಗುರವಾಗಿರಲಿ. ಒಂದು ಮೊಬೈಲು ಅಥವಾ ಚಿಕ್ಕ ಕ್ಯಾಮರಾ; ಕೈ ನಡುಗದಂತೆ ನಿಲ್ಲಿಸಲು ಗೇಣುದ್ದದ ಮುಕ್ಕಾಲಿ; ಮಸೂರವನ್ನು ಒರೆಸಲು ಮೆತ್ತನೆಯ ಶುಭ್ರ ಅರಿವೆ; ನಮ್ಮ ಭಾಗದ ಧೂಳಿನಿಂದಲೂ ಮಳೆಯಿಂದಲೂ ಕಾಪಾಡಲು ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲ; ಒಂದು ಪವರ್ ಬ್ಯಾಂಕು; ಮೊಬೈಲಿಗೆ ನೇರವಾಗಿ ಕೂಡ್ರುವ ಒಂದು ಪೆನ್ ಡ್ರೈವು. ಇಷ್ಟು ಸಾಕು. ಪವರ್ ಬ್ಯಾಂಕಿನ ಮೇಲೆ 10,000 ಎಂದು ಬರೆದಿದ್ದರೆ 5,000ದ ಬ್ಯಾಟರಿ ಎರಡು ಸಲ ತುಂಬುವುದೆಂದು ತಿಳಿಯಬಾರದು. ವಿದ್ಯುತ್ತಿನ ಒತ್ತಡವನ್ನು ಏರಿಸುವುದರಲ್ಲಿಯೂ ಕಾವಿನಲ್ಲಿಯೂ ಒಂದಂಶ ವ್ಯಯವಾಗಿ, ಮೊಬೈಲಿಗೆ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ತಲುಪುತ್ತದೆ.

ಸ್ಥಳದ ಲೆಕ್ಕವನ್ನೂ ಅರಿತಿರಬೇಕು. ಸಾಮಾನ್ಯ ಮೊಬೈಲಿನ ಒಂದು ಚಿತ್ರಕ್ಕೆ ಸುಮಾರು 4 ಮೆಗಾಬೈಟು ಬೇಕು. ಒಂದು ನಿಮಿಷದ ಚಲನಚಿತ್ರಕ್ಕೆ ಸುಮಾರು 100 ಮೆಗಾಬೈಟು. ಸಾವಿರ ಮೆಗಾಬೈಟಿಗೆ ಒಂದು ಗಿಗಾಬೈಟು. ಹಾಗಾದರೆ ಒಂದು ಗಂಟೆಯ ಡೊಳ್ಳಿನ ಪದದ ಮೇಳವನ್ನು ಚಲನಚಿತ್ರವಾಗಿ ಹಿಡಿದರೆ 6 ಗಿಗಾಬೈಟು ಬೇಕು. ಧ್ವನಿಯನ್ನು ಮಾತ್ರ ಹಿಡಿದರೆ ಸುಮಾರು 60 ಮೆಗಾಬೈಟು ಸಾಕು, ಅಂದರೆ ನೂರರಲ್ಲಿ ಒಂದು ಪಾಲು. ಸ್ಥಳ ಕಡಿಮೆಯಿದ್ದಾಗ ಆರಂಭದ ಐದು ನಿಮಿಷ ಚಿತ್ರವನ್ನೂ ಮುಂದೆ ಧ್ವನಿಯನ್ನೂ ಹಿಡಿಯುವುದು ಜಾಣತನ.

ಜೋಪಾನಕ್ಕೆ ಒಂದು ಸೂತ್ರವಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರು ಇದನ್ನು ಪ್ರಚಾರಕ್ಕೆ ತಂದರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳ: ಇದೇ ಆ ಸೂತ್ರ. ನಮ್ಮ ಒಕ್ಕಲಿಗರಿಗೆ ಇದು ಹೊಸದಲ್ಲ. ಬಿತ್ತುವ ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿ ಇಟ್ಟು ನಿಶ್ಚಿಂತರಾಗುವವರು ಯಾರು? ಮೊದಲ ಪ್ರತಿ ಮೊಬೈಲಿನಲ್ಲಿ ಇರುತ್ತದೆ. ಪ್ರವಾಸದಲ್ಲಿ ಪ್ರತಿದಿನ ರಾತ್ರಿ ಮಲಗುವ ಮುನ್ನ ಎರಡನೆಯ ಪ್ರತಿಯನ್ನು ಪೆನ್ ಡ್ರೈವಿಗೆ ಇಳಿಸಬೇಕು. ಅದನ್ನು ಮೊಬೈಲಿನ ಚೀಲದಲ್ಲಿ ಇಡದೆ ಬೇರೊಬ್ಬರ ಬಳಿ ಇಡಬೇಕು. ಮೂರನೆಯದನ್ನು ಅಂತರಜಾಲದ ಉಗ್ರಾಣಕ್ಕೆ ಕಳುಹಬೇಕು. ಗೂಗಲ್ ಖಾತೆಯೊಂದಕ್ಕೆ 15 ಗಿಗಾಬೈಟಿನವರೆಗೆ ಹಣವಿಲ್ಲದೆ ಸ್ಥಳ ದೊರೆಯುತ್ತದೆ. ಸಿಗ್ನಲ್ ದುರ್ಬಲವಾದ ಹಳ್ಳಿಯಲ್ಲಿ ಎಲ್ಲವನ್ನೂ ಕಳುಹಲಾಗದು; ಆಯ್ದ ಹತ್ತು ಚಿತ್ರಗಳನ್ನಾದರೂ ಕಳುಹಿಸಿ, ಉಳಿದವನ್ನು ಊರಿಗೆ ಬಂದ ಮೇಲೆ ಕಳುಹಬಹುದು.

ಇಲ್ಲಿ ನಾಲ್ಕು ಎಚ್ಚರಿಕೆಗಳನ್ನು ಹೇಳಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದ ಚಿತ್ರ ಕುಗ್ಗಿಹೋಗುತ್ತದೆ. ಅದನ್ನು ಪ್ರತಿಯೆಂದು ಎಣಿಸಬಾರದು. ದಾಖಲೆಯ ರೂಪದಲ್ಲಿ, ಅಂದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮೂಲವು ಹಾಗೆಯೇ ಹೋಗುತ್ತದೆ. ಎರಡನೆಯದಾಗಿ, ಮೊಬೈಲಿಗೆ ಹೊಂದಿಕೊಂಡು ನಡೆಯುವ ಉಗ್ರಾಣವು ಕನ್ನಡಿಯಂತೆ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯಬಹುದು. ಆದುದರಿಂದ ಪೆನ್ ಡ್ರೈವಿನ ಪ್ರತಿ ಬಿಡಲಾಗದು. ಮೂರನೆಯದಾಗಿ, ಮೊಬೈಲು ಕಳೆದಾಗ ಅದರೊಡನೆ ಸಿಮ್ಮೂ ಹೋಗುತ್ತದೆ, ಖಾತೆ ತೆರೆಯಲು ಬರುವ ಗುಪ್ತಸಂಖ್ಯೆಯೂ ಬಾರದು. ಖಾತೆಯ ಗುಪ್ತಪದವನ್ನೂ ಅದು ಕೊಡುವ ತುರ್ತು ಸಂಖ್ಯೆಗಳನ್ನೂ ಮನೆಯ ವಹಿಯಲ್ಲಿ ಬರೆದು ಭದ್ರವಾಗಿ ಇಡಬೇಕು. ನಾಲ್ಕನೆಯದಾಗಿ, ನಕಲು ಮಾಡಿದ ಮೇಲೆ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯು ಎಣಿಸದೆ ಪಡೆದ ಹಣದಂತೆ. ಪೆನ್ ಡ್ರೈವು ಚಿರಂಜೀವಿಯಲ್ಲವಾದ ಕಾರಣ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

ಚಿತ್ರದೊಡನೆ ಅದರ ಹೆಸರೂ ಉಳಿಯಬೇಕು. ಯಾರು, ಯಾವ ಊರು, ಯಾವ ದಿನ ಎಂಬುದನ್ನು ಅಂದೇ ಬರೆದಿಡಿರಿ. ಇಪ್ಪತ್ತು ವರ್ಷಗಳ ಮೇಲೆ ಹೆಸರಿಲ್ಲದ ಮುಖವನ್ನು ಗುರುತಿಸುವವರು ಸಿಗಲಾರರು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ನಮ್ಮ ತಾಲೂಕಿನ ಎಷ್ಟೋ ಕುಟುಂಬಗಳು ಸುಗ್ಗಿಯಲ್ಲಿ ಕಬ್ಬು ಕಡಿಯಲು ಕೃಷ್ಣಾತೀರಕ್ಕೆ ಹೋಗುತ್ತವೆ. ಮನೆಮಂದಿಗೆಲ್ಲ ಇರುವುದು ಒಂದೇ ಮೊಬೈಲು. ಅದು ತುಂಬಿದಾಗ ಹಳೆಯದನ್ನು ಅಳಿಸುವುದು ಸಹಜ. ಅಳಿಸಬಾರದೆಂದು ನಾವು ಹೇಳುವುದಿಲ್ಲ. ಅಳಿಸುವ ಮುನ್ನ ಬೇರೆಡೆಗೆ ಇಳಿಸಿರಿ ಎಂದಷ್ಟೇ ಹೇಳುತ್ತೇವೆ. ಏಕೆಂದರೆ ಅದರೊಳಗೆ ಅಜ್ಜಿ ಹೇಳಿದ ಬೀಸುವ ಪದವಿರಬಹುದು, ಅಜ್ಜನ ಗೀಗೀ ಪದವಿರಬಹುದು. ಗಡಿಯ ಹಳ್ಳಿಗಳಲ್ಲಿ ನಾವು ಆಡುವ ಈ ಕನ್ನಡವು ಪುಸ್ತಕಗಳಲ್ಲಿ ಬಹಳವಾಗಿ ಬಂದಿಲ್ಲ. ಹಿರಿಯರ ಕಂಠದಲ್ಲಿಯೇ ಇದೆ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಎಲ್ಲಿಗೆ ಹೋದರೂ ಹೋಗದಿದ್ದರೂ, ಮನೆಯ ಹಿರಿಯರೊಬ್ಬರ ಒಪ್ಪಿಗೆ ಪಡೆದು ಅವರ ಒಂದು ಹಾಡನ್ನೋ ಮಾತನ್ನೋ ಹಿಡಿಯಿರಿ, ಹೆಸರು ದಿನಾಂಕ ಬರೆಯಿರಿ, ಮೂರು ಕಡೆ ಇಡಿರಿ. ದೇಶ ಸುತ್ತುವವರಷ್ಟೇ ಕೋಶ ಕಾಯುವವರೂ ನಾಡಿಗೆ ಬೇಕು.