ಚರಗದ ಬುತ್ತಿಯಲ್ಲಿ ಸಾಗರದಾಚೆಯ ಕಾಳು

ಎಳ್ಳಮವಾಸ್ಯೆಯ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳನ್ನು ನೋಡಬೇಕು. ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿದ ಆ ಕರಿಯ ಭೂಮಿಯಲ್ಲಿ ಬಿಳಿಜೋಳ ಹಸಿರಾಗಿ ತೂಗುತ್ತಿರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಾರೆ. ಭೂತಾಯಿಗೆ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಸಾಲಾಗಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಸಜ್ಜೆಯ ಕಡುಬು, ಕಟಕ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಕೊನೆಗೆ ಶೇಂಗಾ ಹೋಳಿಗೆ. ಇದಕ್ಕಿಂತ ಅಪ್ಪಟವಾದ ಕನ್ನಡ ನಾಡಿನ ಊಟ ಬೇರೆ ಯಾವುದಿದ್ದೀತು?

ಆದರೆ ಈ ಬುತ್ತಿಯಲ್ಲಿರುವ ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಅಮೆರಿಕದ್ದು. ಪಕ್ಕದ ಹೊಲದಲ್ಲಿ ನಿಂತ ಗೋವಿನಜೋಳ ಮೆಕ್ಸಿಕೋ ದೇಶದ್ದು. ಬದುವಿನ ಮೇಲಿನ ಪಾಪಾಸುಕಳ್ಳಿಯೂ ಅದೇ ಖಂಡದ್ದು. ಕೊಲಂಬಸನು 1492ರಲ್ಲಿ ಅಮೆರಿಕವನ್ನು ಮುಟ್ಟಿದನು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. 1510ರಲ್ಲಿ ಗೋವೆ ಪೋರ್ತುಗೀಜರ ಕೈಸೇರಿತು. ಆ ಮೇಲೆಯೇ ಈ ಬೆಳೆಗಳು ನಮ್ಮ ನೆಲಕ್ಕೆ ಇಳಿದವೆಂಬುದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿದ ಮಾತು.

ನಮ್ಮ ನುಡಿಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಮೊದಲೇ ಇದ್ದ ಮೆಣಸಿನ ಹೆಸರನ್ನು ಹೊತ್ತು ‘ಮೆಣಸಿನಕಾಯಿ’ ಬಂದಿತು, ಜೋಳದ ಹೆಸರಿನಿಂದ ‘ಗೋವಿನಜೋಳ’, ‘ಮೆಕ್ಕೆಜೋಳ’ಗಳಾದವು, ಕಡಲೆಯ ಹೆಸರಿನಿಂದ ‘ನೆಲಗಡಲೆ’ಯಾಯಿತು. ಊರಿಗೆ ಹೊಸದಾಗಿ ಬಂದವರನ್ನು ಪರಿಚಿತರ ನೆಂಟರೆಂದು ಗುರುತಿಸುವಂತೆ, ಹೊಸ ಕಾಳನ್ನು ಹಳೆಯ ಕಾಳಿನ ಹೆಸರಿನಿಂದ ಕರೆದರು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ವಿದ್ಯಾಶಾಲೆಯನ್ನು ಕಟ್ಟಿಸಿದ ವಿಷಯ ಕ್ರಿ. ಶ. 945ರ ಶಾಸನದಿಂದ ತಿಳಿಯುತ್ತದೆ. ಅಲ್ಲಿ ಓದಿದ ವಟುಗಳು ಖಾರ ಬೇಕಾದಾಗ ಮೆಣಸನ್ನೋ ಶುಂಠಿಯನ್ನೋ ಹಿಪ್ಪಲಿಯನ್ನೋ ಆಶ್ರಯಿಸಿದ್ದಿರಬೇಕು.

ಕಲ್ಲಿನಲ್ಲಿ ಕಂಡ ತೆನೆ

ಈ ನಂಬಿಕೆಯನ್ನು ಅಲುಗಿಸಿದ್ದು ಕನ್ನಡ ನಾಡಿನದೇ ಒಂದು ದೇವಾಲಯ. ಹೊಯ್ಸಳ ಮುಮ್ಮಡಿ ನರಸಿಂಹನ ಕಾಲದಲ್ಲಿ, 1268ರ ಸುಮಾರಿಗೆ, ಸೋಮನಾಥ ದಂಡನಾಯಕನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯವನ್ನು ಕಾಣದವರು ವಿರಳ. ಅದರ ಹೊರಗೋಡೆಯ ಕೆಲವು ಮೂರ್ತಿಗಳ ಕೈಯಲ್ಲಿ ನೀಳವಾದ, ಸಾಲುಸಾಲಾಗಿ ಕಾಳು ಪೋಣಿಸಿದಂತಿರುವ ಒಂದು ವಸ್ತುವಿದೆ. ಅಮೆರಿಕದ ಭೂಗೋಳ ವಿಜ್ಞಾನಿ ಕಾರ್ಲ್ ಜೋಹಾನೆಸನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಇವು ಮೆಕ್ಕೆಜೋಳದ ತೆನೆಗಳೇ ಎಂದು ಸಾರಿದರು. ಕಾಳುಗಳ ಸಾಲು, ತೆನೆಯ ಆಕಾರ, ಸುತ್ತಿದ ಸಿಪ್ಪೆ, ಎಲ್ಲವನ್ನೂ ನಿಜವಾದ ತೆನೆಗಳೊಂದಿಗೆ ಹೋಲಿಸಿ ತೋರಿಸಿದರು. ಅವರ ಮಾತು ನಿಜವಾದರೆ ಕೊಲಂಬಸನಿಗಿಂತ 200 ವರ್ಷಗಳ ಮೊದಲೇ ಮೆಕ್ಸಿಕೋದ ಬೆಳೆ ಕಾವೇರಿಯ ದಂಡೆಯಲ್ಲಿತ್ತು!

ಯಾವ ಕನ್ನಡಿಗನ ಮನಸ್ಸು ಇದನ್ನು ಕೇಳಿ ಹಿಗ್ಗದು? ಆದರೆ ಹಿಗ್ಗು ಬೇರೆ, ಪ್ರಮಾಣ ಬೇರೆ. ಮೆಕ್ಕೆಜೋಳದ ಅಧ್ಯಯನದಲ್ಲಿ ನುರಿತ ಭಾರತೀಯ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಈ ವಾದವನ್ನು ಒಪ್ಪಲಿಲ್ಲ. ಶಿಲ್ಪದಲ್ಲಿರುವುದು ಮುತ್ತುಗಳಿಂದ ತುಂಬಿದ ‘ಮುಕ್ತಾಫಲ’ವೆಂಬ ಕಲ್ಪಿತ ಫಲವೆಂದು ಅವರು 1993ರಲ್ಲಿ ವಾದಿಸಿದರು. ಹೊಯ್ಸಳ ಶಿಲ್ಪಿ ಮುತ್ತಿನ ಸರಗಳನ್ನು ಕಡೆಯುವುದರಲ್ಲಿ ಎಷ್ಟು ಉದಾರಿಯೆಂಬುದನ್ನು ಬೇಲೂರು, ಹಳೇಬೀಡುಗಳನ್ನು ಕಂಡವರೆಲ್ಲ ಬಲ್ಲರು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬೆಳೆಯೊಂದು ನಾಡಿನಲ್ಲಿದ್ದರೆ ಅದು ದೇವಾಲಯದ ಗೋಡೆಗೆ ಏರುವ ಮೊದಲು ಒಲೆಗೆ, ಕಣಕ್ಕೆ, ಹಗೇವಿಗೆ ಇಳಿದಿರಬೇಕು. ಕೊಲಂಬಸನಿಗಿಂತ ಹಿಂದಿನದೆಂದು ನಿಸ್ಸಂಶಯವಾಗಿ ಕಾಲ ನಿರ್ಣಯಿಸಿದ ಒಂದು ಮೆಕ್ಕೆಜೋಳದ ದಿಂಡಾಗಲಿ, ಸುಟ್ಟ ಕಾಳಾಗಲಿ ಕನ್ನಡ ನಾಡಿನ ಮಣ್ಣಿನಲ್ಲಿ ದೊರೆತಿಲ್ಲ.

ಮಣ್ಣು ನುಡಿದ ಸಾಕ್ಷಿ

ಮಣ್ಣಿನ ಸಾಕ್ಷಿಯೆಂದರೆ ಎಂಥದು? ಮೆಕ್ಸಿಕೋದ ವಹಾಕ ಪ್ರಾಂತದ ಗಿಲಾ ನಾಕೀಟ್ಸ್ ಎಂಬ ಗವಿಯಲ್ಲಿ ಸುಮಾರು 6,200 ವರ್ಷಗಳಷ್ಟು ಹಳೆಯ ಮೆಕ್ಕೆಜೋಳದ ದಿಂಡುಗಳೇ ದೊರೆತಿವೆ, ಬೆರಳಿಗಿಂತ ಚಿಕ್ಕವು. ಪೆರು ದೇಶದ ಸಿಪಾನ್‌ನಲ್ಲಿ 1987ರಲ್ಲಿ ನಿಧಿಗಳ್ಳರು ಹಳೆಯ ದಿಬ್ಬವೊಂದನ್ನು ಅಗೆಯತೊಡಗಿದಾಗ ಪುರಾತತ್ತ್ವಜ್ಞ ವಾಲ್ಟರ್ ಆಲ್ವಾ ಅಲ್ಲಿಗೆ ಧಾವಿಸಿ, ಉಳಿದುದನ್ನು ಕಾಪಾಡಿ, ಉತ್ಖನನ ನಡೆಸಿದರು. ಸುಮಾರು 1,700 ವರ್ಷಗಳ ಹಿಂದಿನ ಮೋಚೆ ಅರಸನೊಬ್ಬನ ಸಮಾಧಿ ಅದು. ಅರಸನ ಕೊರಳಲ್ಲಿದ್ದ ಹಾರವನ್ನು ಕಂಡರೆ ಸಿಂದಗಿಯ ರೈತ ನಕ್ಕಾನು: ಹತ್ತು ಬಂಗಾರದ, ಹತ್ತು ಬೆಳ್ಳಿಯ ಶೇಂಗಾಕಾಯಿಗಳು! ಚಿಪ್ಪಿನ ಮೇಲಿನ ಗೆರೆಗಳನ್ನೂ ಅಕ್ಕಸಾಲಿಗ ಬಿಟ್ಟಿಲ್ಲ.

ಸಾಗರವನ್ನು ದಾಟಿದ ಬೆಳೆಯ ನಿಜವಾದ ಕತೆ ಪೆಸಿಫಿಕ್ ಮಹಾಸಾಗರದ ಪಾಲಿನೇಷ್ಯ ದ್ವೀಪಗಳಲ್ಲಿ ದೊರೆಯುತ್ತದೆ. ನಾರ್ವೆಯ ಥಾರ್ ಹೆಯರ್ಡಾಲ್ 1947ರಲ್ಲಿ ಐವರು ಸಂಗಾತಿಗಳೊಡನೆ ‘ಕಾನ್-ಟಿಕಿ’ ಎಂಬ ಮರದ ತೆಪ್ಪವನ್ನೇರಿ ಪೆರುವಿನಿಂದ ಹೊರಟು, 101 ದಿನಗಳ ನಂತರ ರಾರೋಯಾ ದ್ವೀಪವನ್ನು ಮುಟ್ಟಿದರು. ಅಮೆರಿಕದವರೇ ಆ ದ್ವೀಪಗಳಿಗೆ ಮೊದಲು ಬಂದು ನೆಲೆಸಿದರೆಂಬುದು ಅವರ ವಾದ. ಸಾಹಸ ಲೋಕವನ್ನೇ ಬೆರಗುಗೊಳಿಸಿತು. ವಾದ ಮಾತ್ರ ನಿಲ್ಲಲಿಲ್ಲ. ಪಾಲಿನೇಷ್ಯರ ಪೂರ್ವಜರು ಪಶ್ಚಿಮದಿಂದ, ಏಷ್ಯದ ಕಡೆಯಿಂದ ಬಂದವರೆಂದು ಅವರ ನುಡಿ, ಮಡಕೆ, ರಕ್ತ ಮೂರೂ ಹೇಳಿದವು. ಸಾಧ್ಯವಾದುದೆಲ್ಲ ನಡೆದುದಲ್ಲ.

ಆದರೂ ಅಲ್ಲೊಂದು ಒಗಟು ಉಳಿದಿತ್ತು: ನಮ್ಮ ಗೆಣಸು. ಅದು ಅಮೆರಿಕದ ಗಡ್ಡೆ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ನ್ಯೂಜಿಲೆಂಡಿಗೆ ಬಂದಾಗ ಮಾವೋರಿ ಜನರು ಅದನ್ನು ‘ಕುಮಾರ’ ಎಂಬ ಹೆಸರಿನಿಂದ ಬೆಳೆಯುತ್ತಿದ್ದರು. ದಕ್ಷಿಣ ಅಮೆರಿಕದ ನುಡಿಗಳಲ್ಲಿಯೂ ಅದನ್ನು ಹೋಲುವ ಹೆಸರು ಕಂಡಿತು. ಮಾಂಗಾಯಾ ದ್ವೀಪದ ಬಂಡೆಯಾಸರೆಯೊಂದರಲ್ಲಿ ಕೊಲಂಬಸನಿಗಿಂತ ಹಿಂದಿನ ಸುಟ್ಟ ಗೆಣಸಿನ ಚೂರುಗಳು ದೊರೆತವು. ಬೀಜ ತೇಲಿ ಬಂದಿರಬಹುದೆಂದು ಕೆಲವರು ಶಂಕಿಸಿದರು. 2020ರಲ್ಲಿ ದ್ವೀಪವಾಸಿಗಳೂ ಅಮೆರಿಕದ ಮೂಲನಿವಾಸಿಗಳೂ ಸೇರಿ 807 ಜನರ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು ಕ್ರಿ. ಶ. 1200ರ ಹೊತ್ತಿಗೆ ಈ ಎರಡು ಜನಾಂಗಗಳು ಬೆರೆತಿದ್ದವೆಂದು ತಿಳಿಸಿದರು. ಬಾಗೇವಾಡಿಯ ಬಸವಣ್ಣನವರ ಶತಮಾನ ಮುಗಿಯುತ್ತಿದ್ದ ಕಾಲವದು. ಗೆಣಸಿನ ಬಗೆಗೆ ಚರ್ಚೆ ಇನ್ನೂ ಇದೆ. ಮನುಷ್ಯರು ಕೂಡಿದ್ದು ಮಾತ್ರ ಖಚಿತವಾಯಿತು.

ಇಲ್ಲಿ ಹೆಸರು, ಮಣ್ಣು, ರಕ್ತ ಮೂರೂ ಒಂದೇ ದಿಕ್ಕಿಗೆ ಕೈತೋರಿದವು. ಸೋಮನಾಥಪುರದಲ್ಲಿ ಕಣ್ಣಿಗೆ ಕಂಡ ಹೋಲಿಕೆಯೊಂದೇ ಇದೆ. ನುಡಿ ಅದಕ್ಕೆ ವಿರುದ್ಧ, ಮಣ್ಣು ಮೌನ.

ನಮ್ಮ ದಿಬ್ಬಗಳ ಪಾಡು

ಆ ಮಣ್ಣು ನುಡಿಯಬೇಕಾದರೆ ಮೊದಲು ಅದು ಉಳಿದಿರಬೇಕು. ಮುದ್ದೇಬಿಹಾಳಕ್ಕೆ ನೆರೆಯಾದ ಹಳೆಯ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಬೂದಿದಿಬ್ಬವನ್ನು ಅಗೆದು, ನವಶಿಲಾಯುಗದ ದನಗಾಹಿಗಳ ಬಾಳನ್ನು ಬೆಳಕಿಗೆ ತಂದರು. ಹಳೆಯ ನೆಲೆಯ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟ ಕಾಳು ಮೇಲಕ್ಕೆ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿಯುತ್ತಾರೆ. ಹೀಗೆ ಸಂಗನಕಲ್ಲು, ಹಳ್ಳೂರುಗಳಲ್ಲಿ ದೊರೆತ ಕಾಳುಗಳಿಂದ ಸುಮಾರು 4,000 ವರ್ಷಗಳ ಹಿಂದಿನ ನಮ್ಮವರು ಹುರುಳಿ, ಹೆಸರು, ಕೊರಲೆಗಳನ್ನು ಉಣ್ಣುತ್ತಿದ್ದರೆಂದು ತಿಳಿಯಿತು. ನಮ್ಮ ಜೋಳವೂ ಆಫ್ರಿಕದಿಂದ ಬಂದ ಹಳೆಯ ಅತಿಥಿಯೇ.

ಆದರೆ ಈ ಸೀಮೆಯಲ್ಲಿ ಬೂದಿದಿಬ್ಬದ, ಹಾಳೂರ ದಿಬ್ಬದ ಮಣ್ಣು ಗೊಬ್ಬರವಾಗಿ ಬಂಡಿಬಂಡಿಯಾಗಿ ಹೊಲ ಸೇರುತ್ತ ಬಂದಿದೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಊರುಗಳೇ ಮುಳುಗಿವೆ. ನೀರು ಬೇಕು, ಗೊಬ್ಬರವೂ ಬೇಕು. ರೈತನನ್ನು ದೂರಿ ಫಲವಿಲ್ಲ. ಆದರೂ ದಿಬ್ಬಕ್ಕೆ ಗುದ್ದಲಿ ಹಾಕುವ ಮುನ್ನ ಬಲ್ಲವರಿಗೊಂದು ಮಾತು ತಿಳಿಸಿದರೆ ಒಂದು ಹಿಡಿ ಮಣ್ಣಾದರೂ ಜರಡಿಗೆ ಬಂದೀತು.

ಎಳ್ಳಮವಾಸ್ಯೆಯಂದು ಚೆಲ್ಲಿದ ಚರಗವನ್ನು ಭೂತಾಯಿ ನುಂಗಿಬಿಡುವಳೆಂದು ಜನ ತಿಳಿಯುತ್ತಾರೆ. ಅವಳು ನುಂಗುವುದಷ್ಟೇ ಅಲ್ಲ, ಕೆಲವನ್ನು ಜತನವಾಗಿ ಇಟ್ಟುಕೊಂಡಿರುತ್ತಾಳೆ. ಕೇಳುವವರು ಬರುವವರೆಗೆ ಅವಳ ಮಡಿಲನ್ನು ಕಾಯುವುದು ಮಕ್ಕಳ ಕೆಲಸ.