ಲಂಡನ್ನಿನ ಅಂಚಿನ ಒಂದು ನಿಶ್ಶಬ್ದ ಊರು

ಲಂಡನ್ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಥೇಮ್ಸ್ ನದಿಯ ಸೇತುವೆಗಳು, ಗಡಿಯಾರದ ಗೋಪುರ ಮತ್ತು ಜನಜಂಗುಳಿ. ಆ ಮಹಾನಗರದಲ್ಲಿ ಹಗಲೆಲ್ಲ ದುಡಿಯುವ ಲಕ್ಷಾಂತರ ಜನರು ರಾತ್ರಿ ಎಲ್ಲಿ ಹೋಗಿ ಮಲಗುತ್ತಾರೆಂದು ಕೇಳುವವರು ವಿರಳ. ಡೊಂಬಿವಲಿಯಿಂದ ಮುಂಬಯಿ ಕೋಟೆಗೆ ಮೂವತ್ತೆರಡು ವರ್ಷ ರೈಲಿನಲ್ಲಿ ನಿಂತುಕೊಂಡೇ ಓಡಾಡಿ ನಿವೃತ್ತನಾದ ನನ್ನಂಥ ಗುಮಾಸ್ತನಿಗೆ ಮಾತ್ರ ಆ ಕುತೂಹಲ ಇದ್ದೇ ಇತ್ತು. ಮಗಳೂ ಅಳಿಯನೂ ಲಂಡನ್ನಿನ ವಾಯವ್ಯಕ್ಕೆ ಸುಮಾರು 20 ಮೈಲು ದೂರದ ಚೋರ್ಲಿವುಡ್ ಎಂಬಲ್ಲಿ ಬಾಡಿಗೆ ಮನೆ ಹಿಡಿದ ತರುವಾಯ, ಅವರ ಒತ್ತಾಯಕ್ಕೆ ಮಣಿದು ಜುಲೈಯಿಂದ ಡಿಸೆಂಬರದ ನಡುವಿನವರೆಗೆ ನಾನು ಅಲ್ಲಿದ್ದೆ.

ಊರು ಸೇರಿದ ದಿನವೇ ಒಂದು ಪೇಚಿಗೆ ಸಿಕ್ಕಿಕೊಂಡೆ. ಸಂಜೆ ಐದೂವರೆಗೆ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಳ್ಳುತ್ತಿದ್ದುದನ್ನೂ, ಬೀದಿ ಬಿಕೋ ಎನ್ನುತ್ತಿದ್ದುದನ್ನೂ ಕಂಡು, ಊರಿನ ಹಿರಿಯರಾರೋ ತೀರಿಕೊಂಡಿರಬೇಕೆಂದು ಭಾವಿಸಿ ಮಗಳನ್ನು ಮೆಲ್ಲನೆ ವಿಚಾರಿಸಿದೆ. ಅವಳು ನಕ್ಕು, “ಅಪ್ಪಯ್ಯಾ, ಇಲ್ಲಿ ದಿನವೂ ಹೀಗೆಯೇ” ಎಂದಳು.

ಸುಮಾರು ಹನ್ನೊಂದು ಸಾವಿರ ಜನರ ಊರದು. ನಮ್ಮ ಲೆಕ್ಕದಲ್ಲಿ ಅದು ಪೇಟೆ. ಅಲ್ಲಿಯವರು ಮಾತ್ರ ಅಭಿಮಾನದಿಂದ ಹಳ್ಳಿಯೆಂದೇ ಕರೆಯುತ್ತಾರೆ. ಕೆಂಪು ಹೆಂಚಿನ ಮನೆಗಳು, ಮನೆಯ ಮುಂದೆ ಒಪ್ಪವಾಗಿ ಕತ್ತರಿಸಿದ ಬೇಲಿ, ಹಿಂದೆ ಉದ್ದನೆಯ ಹಿತ್ತಿಲು. ಹಿತ್ತಿಲು ದಾಟಿದರೆ ಬೀಚ್ ಮರಗಳ ಕಾಡು, ಅದರಾಚೆ ಗೋದಿಯ ಹೊಲ. ಬೆಳಗ್ಗೆ ಏಳರಿಂದ ಎಂಟೂವರೆಯವರೆಗೆ ನಿಲ್ದಾಣದ ಕಡೆಗೆ ಬಿರುಸಾದ ಹೆಜ್ಜೆಗಳ ಸದ್ದು. ಮುಕ್ಕಾಲು ಗಂಟೆಯಲ್ಲಿ ಅವರೆಲ್ಲ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿರುತ್ತಾರೆ. ಆಮೇಲೆ ಇಡೀ ದಿನ ಪಾರಿವಾಳಗಳ ಗುಟುರು ಮತ್ತು ನಾಯಿಯನ್ನು ತಿರುಗಾಡಿಸುವವರು.

ಈ ನಿಶ್ಶಬ್ದವು ತಾನಾಗಿ ಬಂದುದೆಂದು ಮೊದಲು ನಾನೆಣಿಸಿದ್ದೆ. ಅದನ್ನು ಮನುಷ್ಯರೇ ಯೋಜಿಸಿ ಕಟ್ಟಿದರೆಂಬ ಕಥೆ ಅಲ್ಲಿಯ ವಾಚನಾಲಯದ ಪುಸ್ತಕಗಳನ್ನು ತಿರುವಿದಾಗ ತಿಳಿಯಿತು. ಮೆಟ್ರೊಪಾಲಿಟನ್ ರೈಲ್ವೆ ಎಂಬ ಖಾಸಗಿ ಕಂಪನಿಯ ಹಳಿ 1889ರಲ್ಲಿ ಚೋರ್ಲಿವುಡ್ಡನ್ನು ಮುಟ್ಟಿತು. ಹಳಿಗೆಂದು ಕೊಂಡ ನೆಲದಲ್ಲಿ ಉಳಿದುದನ್ನು ರೈಲು ಕಂಪನಿಗಳು ಮಾರಿಬಿಡುವುದು ಆ ಕಾಲದ ಕಟ್ಟಳೆ. ಈ ಕಂಪನಿಗೆ ಮಾತ್ರ ಅದನ್ನು ಇಟ್ಟುಕೊಳ್ಳುವ ವಿಶೇಷಾಧಿಕಾರ ದೊರೆತಿತ್ತು. ಕಾಡಿನ ನಡುವೆ ಹಳಿ ಹಾಕಿದರೆ ಟಿಕೇಟು ಕೊಳ್ಳುವವರು ಯಾರು? ಆದುದರಿಂದ ಮನೆ ಕಟ್ಟಿಸಿ ಪ್ರಯಾಣಿಕರನ್ನು ತಾವೇ ಬೆಳೆಸಿಕೊಳ್ಳುವ ಉಪಾಯ ಹೂಡಿದರು. 1915ರಲ್ಲಿ ‘ಮೆಟ್ರೊಲ್ಯಾಂಡ್’ ಎಂಬ ಹೆಸರನ್ನು ಟಂಕಿಸಿ, ಅದೇ ಹೆಸರಿನ ಸಚಿತ್ರ ಪುಸ್ತಕವನ್ನು 1932ರವರೆಗೆ ವರ್ಷವರ್ಷವೂ ಹೊರಡಿಸಿದರು. 1919ರಲ್ಲಿ ಮನೆ ನಿವೇಶನಗಳಿಗಾಗಿಯೇ ಬೇರೊಂದು ಕಂಪನಿ ಹುಟ್ಟಿತು. ಹೊಗೆ ತುಂಬಿದ ಲಂಡನ್ನಿನಲ್ಲಿ ಕೆಲಸ, ಹಸುರಿನ ನಡುವೆ ಸಂಸಾರ, ಇವೆರಡರ ನಡುವೆ ಒಂದು ಸೀಜನ್ ಟಿಕೇಟು! ಕವಿ ಜಾನ್ ಬೆಟ್ಜಮನ್ 1973ರಲ್ಲಿ ಬಿ.ಬಿ.ಸಿ.ಗಾಗಿ ಇದೇ ಮೆಟ್ರೊಲ್ಯಾಂಡನ್ನು ಕುರಿತು ಒಂದು ಚಲಚ್ಚಿತ್ರವನ್ನೇ ಮಾಡಿಕೊಟ್ಟರು.

ನಮ್ಮ ಓದುಗ ಬಾಂಧವರು ಗಮನಿಸತಕ್ಕ ಸಂಗತಿ ಇಲ್ಲಿದೆ. ಈ ಜಾಹೀರಾತುಗಳ ಕಣ್ಣು ಇದ್ದುದು ಜಮೀನುದಾರರ ಮೇಲಲ್ಲ. ಬ್ಯಾಂಕಿನ ನೌಕರ, ವಿಮಾ ಕಚೇರಿಯ ಗುಮಾಸ್ತ, ಶಾಲೆಯ ಮಾಸ್ತರ, ಇಂಥವರ ಮೇಲೆ. ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಗೃಹನಿರ್ಮಾಣ ಸಂಘಗಳು ಕಡಿಮೆ ಬಡ್ಡಿಗೆ ಸಾಲ ಕೊಟ್ಟುದರಿಂದ, ಆ ಹಳಿಯ ಮಗ್ಗುಲಲ್ಲಿ ಹಿತ್ತಿಲು ಸಹಿತವಾದ ಜೋಡಿಮನೆಯ ಒಂದು ಪಾಲು ಸಾವಿರ ಪೌಂಡಿಗೂ ಕಡಿಮೆಗೆ ಸಿಗುತ್ತಿತ್ತು. ಚೋರ್ಲಿವುಡ್ ಮೊದಲಿನಿಂದಲೂ ತುಸು ಸಿರಿವಂತರ ಊರೆಂಬುದು ನಿಜ. ಆದರೂ ಇಂದು ಅಲ್ಲಿ ಒಂದು ಸಂಸಾರ ಹಿಡಿಸುವ ಮನೆಯನ್ನು ಐದು ಲಕ್ಷ ಪೌಂಡಿನೊಳಗೆ ಹುಡುಕುವುದು ಕಷ್ಟ.

ಇದಕ್ಕೆ ಒಂದು ಕಾರಣ ಆ ಹಸುರೇ. ಲಂಡನ್ ಹೀಗೆಯೇ ಉಬ್ಬುತ್ತ ಹೋದರೆ ಹಳ್ಳಿಯೇ ಉಳಿಯದೆಂದು ಹೆದರಿ 1938ರಲ್ಲಿ ‘ಹಸುರು ಪಟ್ಟಿ’ಯ ಕಾನೂನನ್ನು ಮಾಡಿದರು. 1947ರ ನಗರಯೋಜನಾ ಕಾನೂನು ಅದಕ್ಕೆ ಬಲ ಕೊಟ್ಟಿತು. ಊರೂರಿನ ನಡುವೆ ಹೊಲ, ಕಾಡುಗಳು ಉಳಿದುಕೊಂಡುದು ಇದರಿಂದಲೇ. ಹೊಸ ಮನೆಗಳಿಗೆ ಎಡೆಯಿಲ್ಲದಾಗಿ ಇರುವ ಮನೆಗಳ ಬೆಲೆ ಗಗನಕ್ಕೇರಿದುದೂ ಬಹುಮಟ್ಟಿಗೆ ಇದರಿಂದಲೇ. ಲಂಡನ್ನನ್ನು ಸುತ್ತುವ ಎಂ25 ಹೆದ್ದಾರಿ 1986ರಲ್ಲಿ ಪೂರ್ಣಗೊಂಡಿತು. ಅದು ಹಾಯುವುದು ಈ ಊರಿನ ಮಗ್ಗುಲಿನಿಂದಲೇ. ಮೂಡಣ ಗಾಳಿ ಬೀಸಿದ ದಿನ ದೂರದ ಕಡಲಿನ ಮೊರೆತದಂಥ ಸದ್ದು ಕೇಳಿಬರುತ್ತದೆ. ಕರಾವಳಿಯವನಾದ ನನಗೆ ಅದು ಹಿತವೆನಿಸಿತೆಂದರೆ ಅಲ್ಲಿಯವರು ಒಪ್ಪಲಾರರು.

ಊರ ನಡುವಿನ ಬಯಲಿನ ವಿಷಯ ಹೇಳಲೇಬೇಕು. ಸುಮಾರು 200 ಎಕರೆಯ ಅದನ್ನು ‘ಕಾಮನ್’ ಎನ್ನುತ್ತಾರೆ. ನಮ್ಮ ಗೋಮಾಳವೇ ಸರಿ. ಹಿಂದೆ ಊರವರು ದನ ಮೇಯಿಸಿದ, ಸೌದೆ ಆಯ್ದ ಜಾಗವದು. ಈಗ ಒಂದು ಕಡೆ ಕ್ರಿಕೆಟ್, ಇನ್ನೊಂದು ಕಡೆ ಗಾಲ್ಫ್, ಮಿಕ್ಕೆಡೆ ಹುಲ್ಲು, ಮುಳ್ಳು, ಕಾಡುಹಣ್ಣು. ಯಾರಾದರೂ ಎಲ್ಲಿ ಬೇಕಾದರೂ ನಡೆಯಬಹುದು. ಅಷ್ಟೇ ಏಕೆ, ಖಾಸಗಿ ಹೊಲಗಳ ನಡುವೆಯೂ ಪೂರ್ವದ ಕಾಲುದಾರಿಗಳಿವೆ; ಒಡೆಯನು ಅವನ್ನು ಮುಚ್ಚುವಂತಿಲ್ಲ. ಚೆಸ್ ಎಂಬ ಸಣ್ಣ ಹೊಳೆಯ ದಂಡೆಯ ದಾರಿಯಲ್ಲಿ ನಾನು ದಿನವೂ ಎರಡು ಮೈಲು ನಡೆಯುತ್ತಿದ್ದೆ. ಸುಣ್ಣಕಲ್ಲಿನಿಂದ ಒಸರುವ ನೀರಾದುದರಿಂದ ತಳದ ಕಲ್ಲುಗಳೆಲ್ಲ ಎಣಿಸುವಷ್ಟು ಸ್ಪಷ್ಟ.

ಹೋಟೆಲು ಉದ್ಯಮದ ನಮ್ಮ ಬಂಧುಗಳಿಗೆ ಇನ್ನೊಂದು ವಿಶೇಷ. 1961ರಲ್ಲಿ ಪ್ರಪಂಚದ ಬ್ರೆಡ್ಡಿನ ರೀತಿಯನ್ನೇ ಬದಲಿಸಿದುದು ಇದೇ ಊರಿನ ಒಂದು ಪ್ರಯೋಗಶಾಲೆ. ಹಿಟ್ಟನ್ನು ಗಂಟೆಗಟ್ಟಲೆ ಹುಳಿಯಲು ಬಿಡುವ ಬದಲು ಯಂತ್ರದಲ್ಲಿ ಕೆಲವೇ ನಿಮಿಷ ಅತಿವೇಗವಾಗಿ ಕಲಸಿಬಿಡುವ ವಿಧಾನವದು. ಇದರಿಂದ ಇಂಗ್ಲೆಂಡಿನ ಮೆದು ಗೋದಿಯೂ ಬ್ರೆಡ್ಡಿಗೆ ಒದಗಿತು. ಹಿಟ್ಟು ಮೂರೂವರೆ ಗಂಟೆಯಲ್ಲಿ ಹೋಳು ಮಾಡಿದ ಬ್ರೆಡ್ಡಾಗಿ ಹೊರಬರತೊಡಗಿತು. ಬ್ರಿಟನ್ನಿನ ಬ್ರೆಡ್ಡಿನಲ್ಲಿ ನೂರಕ್ಕೆ ಎಂಬತ್ತರಷ್ಟು ಈ ಬಗೆಯದೇ. ರುಚಿ ಕೆಟ್ಟಿತೆಂದು ದೂರುವವರೂ ಉಂಟು. ರಾತ್ರಿಯೆಲ್ಲ ಹುದುಗಿದ ಇಡ್ಲಿಹಿಟ್ಟಿನ ಬೆಲೆ ಬಲ್ಲ ನಾನು ಆ ದೂರುದಾರರ ಪಕ್ಷ. ಆ ಪ್ರಯೋಗಶಾಲೆ ಈಗ ಅಲ್ಲಿಲ್ಲ.

2004ರಲ್ಲಿ ಇಂಗ್ಲೆಂಡಿನ ಸರಕಾರ 32 ಸಾವಿರಕ್ಕೂ ಮಿಕ್ಕ ನೆರೆಹೊರೆಗಳನ್ನು ಆದಾಯ, ಆರೋಗ್ಯ, ವಿದ್ಯೆ ಮೊದಲಾದವುಗಳಿಂದ ಅಳೆದಾಗ, ಎಲ್ಲಕ್ಕಿಂತ ಕಡಿಮೆ ಕೊರತೆಯುಳ್ಳದ್ದೆಂದು ಕಂಡುಬಂದುದು ಚೋರ್ಲಿವುಡ್ಡಿನ ಒಂದು ಭಾಗ. ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಕಪ್ಪುಬಸಿ ಎತ್ತುವ ಹೆಂಗಸಿಗೆ ನಾನು ಇದನ್ನು ಹೇಳಿದೆ. ಅವಳು ಆಂಗ್ಲಳೇ. ದಿನವೂ ವಾಟ್‌ಫರ್ಡಿನಿಂದ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸು ತಪ್ಪಿದರೆ ಬಹಳ ಹೊತ್ತು ಕಾಯುವವಳು. “ಇರಬಹುದು, ನಾನು ಇಲ್ಲಿ ಮಲಗಿ ನೋಡಿಲ್ಲ” ಎಂದಳು. ಅಲ್ಲಿಯ ಮುದುಕರ ಶುಶ್ರೂಷೆಗೆ ಬರುವವರೂ, ಅಂಗಡಿಯಲ್ಲಿ ನಿಲ್ಲುವವರೂ ಹೆಚ್ಚಾಗಿ ಹೊರಗಿನಿಂದಲೇ ಬರುತ್ತಾರೆ. ಖಾರ್, ಮಾಟುಂಗಾಗಳ ಹೋಟೆಲುಗಳಲ್ಲಿ ದುಡಿದು ನಾಲಾಸೋಪಾರಾಕ್ಕೆ ಮರಳುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಟೋಬರ ಕಳೆದ ಮೇಲೆ ಹಗಲು ಕುಗ್ಗುತ್ತದೆ. ಡಿಸೆಂಬರದಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯಾಸ್ತ. ಆಗ ನಿಶ್ಶಬ್ದದ ಇನ್ನೊಂದು ಮುಖ ತಿಳಿಯಿತು. ಅಲ್ಲಿ ಕರೆಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಎದುರಾದರೆ ಮುಗುಳ್ನಗೆ, ಹವೆಯ ಬಗ್ಗೆ ಎರಡು ಮಾತು, ಅಲ್ಲಿಗೆ ಮುಗಿಯಿತು. ಅದರಲ್ಲಿ ಅಸಡ್ಡೆಯಿಲ್ಲ, ಪರರ ನೆಮ್ಮದಿಗೆ ಭಂಗ ತರಬಾರದೆಂಬ ಮರ್ಯಾದೆಯಿದೆ. ಆದರೂ 2018ರಲ್ಲಿ ಬ್ರಿಟನ್ನಿನ ಸರಕಾರ ಒಂಟಿತನದ ನಿವಾರಣೆಗೆಂದೇ ಒಬ್ಬ ಮಂತ್ರಿಯನ್ನು ನೇಮಿಸಬೇಕಾಯಿತು.

ನಮ್ಮ ಎದುರುಮನೆಯಲ್ಲಿ ವೃದ್ಧರೊಬ್ಬರು ಒಂಟಿಯಾಗಿದ್ದರು. ಬೆಳಗ್ಗೆ ಏಳೂವರೆಗೆ ಅವರ ಕಿಟಕಿಯ ಪರದೆ ಸರಿಯುವುದು ವಾಡಿಕೆ. ನವೆಂಬರದ ಒಂದು ದಿನ ಒಂಬತ್ತಾದರೂ ಸರಿಯಲಿಲ್ಲ. ಹತ್ತಾಯಿತು. ಹೋಗಿ ಬಾಗಿಲು ತಟ್ಟಲೇ ಎಂದು ಎದ್ದೆ. ಕರೆಯದೆ ಹೋದರೆ ಏನೆಂದುಕೊಂಡಾರೋ ಎಂದು ಕುಳಿತೆ. ಡೊಂಬಿವಲಿಯ ನಮ್ಮ ಚಾಳಿನಲ್ಲಾಗಿದ್ದರೆ ಎಂಟು ಗಂಟೆಗೇ ನಾಲ್ಕು ಮನೆಯವರು ಕೂಗಿ ಕರೆದಿರುತ್ತಿದ್ದರು. ಅದೇ ಚಾಳಿನವನಾದ ನಾನು ನಾಲ್ಕೇ ತಿಂಗಳಲ್ಲಿ ಆ ಊರಿನ ಮರ್ಯಾದೆ ಕಲಿತು, ಎರಡು ಗಂಟೆ ಕಾಲ ಸುಮ್ಮನೆ ಕುಳಿತಿದ್ದೆ. ಹನ್ನೊಂದಕ್ಕೆ ಹೋಗಿ ಬಾಗಿಲಿನ ಅಂಚೆಕಂಡಿಯಲ್ಲಿ ಕೂಗಿದಾಗ ಒಳಗಿನಿಂದ ಕ್ಷೀಣವಾದ ದನಿ ಬಂತು. ರಾತ್ರಿ ಸ್ನಾನದ ಕೋಣೆಯಲ್ಲಿ ಜಾರಿಬಿದ್ದವರು ಬೆಳಗಿನವರೆಗೂ ಏಳಲಾರದೆ ಬಿದ್ದಿದ್ದರು. 999ಕ್ಕೆ ಫೋನು ಮಾಡಿದೆ. ಅವರು ಬಂದು ಬಾಗಿಲು ತೆಗೆದು ಆಸ್ಪತ್ರೆಗೆ ಸಾಗಿಸಿದರು.

ಮೂರು ವಾರದ ಮೇಲೆ ಊರುಗೋಲಿನೊಡನೆ ಮರಳಿದವರು ನಮ್ಮ ಬಾಗಿಲು ತಟ್ಟಲಿಲ್ಲ. ಅಂದವಾದ ಅಕ್ಷರದಲ್ಲಿ ವಂದನೆ ಬರೆದ ಒಂದು ಕಾರ್ಡನ್ನು ಅಂಚೆಕಂಡಿಯಿಂದ ಒಳಗೆ ಹಾಕಿ ಹೋಗಿದ್ದರು. ಮರುದಿನ ನಾನು ಕರೆಯದೆಯೇ ಉಪ್ಪಿಟ್ಟು ತೆಗೆದುಕೊಂಡು ಹೋದೆ. ಒಂದು ಕ್ಷಣ ತಬ್ಬಿಬ್ಬಾದರೂ ಒಳಗೆ ಕರೆದು ಕೂರಿಸಿದರು. ಹರೆಯದಲ್ಲಿ ತಾವೂ ಲಂಡನ್ನಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದುದಾಗಿ ತಿಳಿಸಿದರು. ರಿಕ್‌ಮನ್ಸ್‌ವರ್ತ್ ನಿಲ್ದಾಣದಲ್ಲಿ ರೈಲಿನ ವಿದ್ಯುತ್ ಎಂಜಿನ್ ಕಳಚಿ ಉಗಿಯ ಎಂಜಿನ್ ಜೋಡಿಸುತ್ತಿದ್ದುದನ್ನು ವಿವರಿಸುವಾಗ ಅವರ ಮುಖ ಅರಳಿತು. 1961ರಲ್ಲಿ ನಿಂತುಹೋದ ಕ್ರಮವದು.

ನಾನು ಹೊರಟು ಬರುವ ದಿನ ಅವರು ಕಿಟಕಿಯಲ್ಲಿ ನಿಂತು ಕೈಯೆತ್ತಿದರು. ಮಗಳು ಈಗ 7-40ರ ರೈಲಿಗೆ ಹೊರಟಾಗ ಆ ಪರದೆಯ ಕಡೆಗೊಮ್ಮೆ ನೋಡಿಯೇ ಹೆಜ್ಜೆ ಹಾಕುತ್ತಾಳಂತೆ.