ಘಟ್ಟದ ರಸ್ತೆಗೆ ದೊಡ್ಡ ಸೆಡಾನ್: ಸುಖವೆಷ್ಟು, ಖರ್ಚೆಷ್ಟು?

ಅಡಿಕೆ ಮತ್ತು ಕಾಳುಮೆಣಸಿನ ಧಾರಣೆ ಏರಿದ ವರ್ಷಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವರ್ತಕರ ಮಾತುಕತೆಯಲ್ಲಿ ದೊಡ್ಡ ಕಾರಿನ ಪ್ರಸ್ತಾಪ ಬಾರದೆ ಇರುವುದಿಲ್ಲ. ಹಿಂದಿನ ತಲೆಮಾರಿನ ವ್ಯಾಪಾರಿಗೆ ಅಂಬಾಸಡರ್ ಕಾರೇ ಪ್ರತಿಷ್ಠೆಯ ವಾಹನವಾಗಿತ್ತು. ಅದರ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಈಗ ಕೆಎ-31 ನೋಂದಣಿಯ ಹೊಸ ವಾಹನಗಳಲ್ಲಿ ಎಸ್‌ಯುವಿಗಳ ಭರಾಟೆ ಎದ್ದು ಕಾಣುತ್ತದೆ. ಆದರೂ ‘ಕಾರು’ ಎಂದೊಡನೆ ಉದ್ದನೆಯ ಬಾನೆಟ್, ವಿಶಾಲವಾದ ಹಿಂದಿನ ಆಸನ, ಪ್ರತ್ಯೇಕ ಡಿಕ್ಕಿಯುಳ್ಳ ಸೆಡಾನನ್ನೇ ನೆನೆಯುವವರು ಕಡಿಮೆಯಿಲ್ಲ. ಅಂಥ ಕಾರಿಗೆ ಒಂದು ಕೋಟಿಗೂ ಮಿಕ್ಕಿ ಹಣ ತೊಡಗಿಸುವ ಮುನ್ನ ಅದು ಯಾವ ರಸ್ತೆಗಾಗಿ ನಿರ್ಮಾಣವಾದದ್ದು, ಸಂಸ್ಥೆಯ ಬಂಡವಾಳದ ಮೇಲೆ ಅದರ ಪರಿಣಾಮವೇನು ಎಂಬುದನ್ನು ವಿಚಾರಿಸುವುದು ಯುಕ್ತ.

ಪೂರ್ಣಗಾತ್ರದ ಐಷಾರಾಮಿ ಸೆಡಾನ್ ಎಂದರೆ ಸಾಮಾನ್ಯವಾಗಿ ಐದು ಮೀಟರಿಗಿಂತ ಉದ್ದವಾದ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಮೂರು ಮೀಟರಿಗಿಂತ ಹೆಚ್ಚು ಅಂತರವುಳ್ಳ ಕಾರು. ಮರ್ಸಿಡಿಸ್ ಬೆಂಜ್ ಎಸ್-ಕ್ಲಾಸ್, ಬಿಎಂಡಬ್ಲ್ಯು 7 ಸೀರೀಸ್, ಔಡಿ ಎ8 ಎಲ್ ಈ ವರ್ಗದ ಪರಿಚಿತ ಹೆಸರುಗಳು. 2021ರಲ್ಲಿ ಭಾರತಕ್ಕೆ ಬಂದ ಎಸ್-ಕ್ಲಾಸ್ ಪುಣೆಯ ಸಮೀಪದ ಚಾಕಣದಲ್ಲಿ ಜೋಡಣೆಗೊಂಡಿತು. ಆಗ ಅದರ ಆರಂಭಿಕ ಎಕ್ಸ್ ಶೋರೂಂ ಬೆಲೆ 1.57 ಕೋಟಿ ರೂಪಾಯಿ. ಅದರ ಉದ್ದ ಸುಮಾರು 5.29 ಮೀಟರ್, ಗಾಲಿಗಳ ನಡುವಿನ ಅಂತರ 3.216 ಮೀಟರ್. ಅಂಬಾಸಡರಿನಲ್ಲಿ ಈ ಅಂತರ 2.464 ಮೀಟರ್ ಮಾತ್ರವಿತ್ತು. ಹೆಚ್ಚಿದ ಮುಕ್ಕಾಲು ಮೀಟರಿನಲ್ಲಿ ದೊಡ್ಡ ಪಾಲು ಹಿಂದೆ ಕುಳಿತವರ ಕಾಲುಗಳಿಗೆ ಸಲ್ಲುತ್ತದೆ. ಮಾಲೀಕ ಹಿಂದೆ ಕುಳಿತು ಚಾಲಕ ಕಾರು ನಡೆಸುತ್ತಾನೆ ಎಂಬ ಕಲ್ಪನೆಯ ಮೇಲೆಯೇ ಈ ವರ್ಗದ ಕಾರುಗಳು ರೂಪುಗೊಂಡಿವೆ. ನಮ್ಮ ಕಡೆಯ ವರ್ತಕರಲ್ಲಿ ಬಹುಮಂದಿ ಸ್ವತಃ ಕಾರು ನಡೆಸುವವರು. ತಾವು ಕೂರದ ಆಸನಕ್ಕೆ ಹೆಚ್ಚಿನ ಹಣ ತೆರುತ್ತಿದ್ದೇವೆಂಬುದು ಅವರ ಲಕ್ಷ್ಯದಲ್ಲಿರಬೇಕು.

ಒಂದು ಮೆಟ್ಟಿಲು ಕೆಳಗಿನ, ಆದರೆ ನಮ್ಮ ರಾಜ್ಯದಲ್ಲೇ ಸಿದ್ಧವಾಗುವ ಕಾರು ಟೊಯೋಟಾ ಕ್ಯಾಮ್ರಿ. ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಗೊಳ್ಳುವ ಈ ಹೈಬ್ರಿಡ್ ಕಾರಿನ ಒಂಬತ್ತನೆಯ ಪೀಳಿಗೆ 2024ರ ಡಿಸೆಂಬರಿನಲ್ಲಿ 48 ಲಕ್ಷ ರೂಪಾಯಿಗೆ ಬಿಡುಗಡೆಯಾಯಿತು. 4.92 ಮೀಟರ್ ಉದ್ದದ ಇದನ್ನು ಪೂರ್ಣಗಾತ್ರದ್ದೆಂದು ಕರೆಯುವುದು ಸರಿಯಲ್ಲ. ಆದರೆ ಹಿಂದಿನ ಆಸನದ ಸುಖ, ಇಂಧನದ ಉಳಿತಾಯ ಎರಡನ್ನೂ ತೂಗಿ ನೋಡುವ ವ್ಯಾಪಾರಿಗೆ ಬೆಲೆಯ ಅಂತರ ಕಣ್ಣಿಗೆ ಬೀಳದೆ ಇರದು.

ದೊಡ್ಡ ಸೆಡಾನಿನ ನಿಜವಾದ ಯೋಗ್ಯತೆಯಿರುವುದು ಸುರಕ್ಷತೆಯಲ್ಲಿ. ಇಂದು ಸಾಧಾರಣ ಕಾರುಗಳಲ್ಲೂ ಇರುವ ಎಬಿಎಸ್ ಬ್ರೇಕ್ 1978ರಲ್ಲಿ ಎಸ್-ಕ್ಲಾಸಿನಲ್ಲಿ ಲಭ್ಯವಾಯಿತು. ಅದೇ ಕಾರಿನ ಮುಂದಿನ ಪೀಳಿಗೆಯಲ್ಲಿ 1981ರ ಸುಮಾರಿಗೆ ಚಾಲಕನ ಏರ್‌ಬ್ಯಾಗ್ ಬಂದಿತು. ಜಾರುವ ಕಾರನ್ನು ಹಿಡಿತಕ್ಕೆ ತರುವ ಇಎಸ್‌ಪಿ ವ್ಯವಸ್ಥೆ 1995ರಲ್ಲಿ ಇದೇ ಕುಟುಂಬದ ಕೂಪೆ ಕಾರಿನಲ್ಲಿ ಸೇರಿತು. ಮಳೆಗಾಲದಲ್ಲಿ ಎಲೆ, ಕೆಸರು ಹರಡಿದ ದೇವಿಮನೆ ಘಟ್ಟದ ತಿರುವಿನಲ್ಲಿ ಹಿಂದಿನ ಗಾಲಿ ಜಾರಿದಾಗ ಇಎಸ್‌ಪಿಯ ಬೆಲೆ ತಿಳಿಯುತ್ತದೆ. ಅದು ಪ್ರತಿ ಗಾಲಿಗೂ ಬೇಕಾದಷ್ಟೇ ಬ್ರೇಕ್ ಕೊಟ್ಟು ಕಾರನ್ನು ಸ್ಟಿಯರಿಂಗ್ ತೋರಿದ ದಿಕ್ಕಿಗೆ ತರುತ್ತದೆ. ಸ್ಟಿಯರಿಂಗ್ ಹಿಡಿದವನಿಗೆ ಮೀಟರಿನ ಫಲಕದಲ್ಲಿ ಒಂದು ದೀಪ ಮಿನುಗಿದ್ದಷ್ಟೇ ಕಂಡೀತು.

ಶಿರಸಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟೆಗೆ ಇಳಿಯುವ ದೇವಿಮನೆ ಘಟ್ಟವಾಗಲಿ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟವಾಗಲಿ, ಬ್ರೇಕುಗಳಿಗೆ ಕಠಿಣ ಪರೀಕ್ಷೆ. ನಾಲ್ವರು ಕುಳಿತು ಸಾಮಾನು ತುಂಬಿದ ದೊಡ್ಡ ಸೆಡಾನ್ ಸುಮಾರು 2,500 ಕಿಲೋ ತೂಗುತ್ತದೆ. ಅದು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 3.4 ಯೂನಿಟ್ ವಿದ್ಯುತ್ತಿಗೆ ಸಮ. ಬ್ರೇಕನ್ನಷ್ಟೇ ಒತ್ತುತ್ತ ಇಳಿದರೆ ಈ ಶಕ್ತಿಯ ಬಹುಪಾಲು ಶಾಖವಾಗಿ ಡಿಸ್ಕುಗಳನ್ನು ಸೇರುತ್ತದೆ. ದೊಡ್ಡ ಕಾರಿನ ಅಗಲವಾದ ಡಿಸ್ಕುಗಳು ಈ ಶಾಖವನ್ನು ಚೆನ್ನಾಗಿ ಹೊರಹಾಕುತ್ತವೆ, ನಿಜ. ಆದರೂ ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಕೆಳಗಿನ ಗೇರಿಗೆ ತಂದು, ಎಂಜಿನ್ ತಡೆಯ ನೆರವಿನಿಂದ ಇಳಿಯುವುದೇ ಕ್ಷೇಮ. ಹಳೆಯ ಲಾರಿ ಚಾಲಕರು ಪಾಲಿಸುತ್ತ ಬಂದಿರುವ ಈ ಕ್ರಮವನ್ನು, ಆಟೊಮ್ಯಾಟಿಕ್ ಕಾರಿನಲ್ಲಿ ಗೇರಿನ ಗೊಡವೆಯೇ ಇಲ್ಲವೆಂದು ನಂಬಿದವರು ಮರೆಯುತ್ತಾರೆ. ವಿದ್ಯುತ್ ಸೆಡಾನುಗಳಲ್ಲಿ ಇಳಿಜಾರಿನ ಶಕ್ತಿಯ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ಹೈಬ್ರಿಡ್ ಕಾರಿನ ಬ್ಯಾಟರಿ ಚಿಕ್ಕದಾದ್ದರಿಂದ ಘಟ್ಟದ ನಡುವೆಯೇ ತುಂಬಿಹೋಗುತ್ತದೆ. ಅನಂತರ ಎಂಜಿನ್ ತಡೆ ಮತ್ತು ಬ್ರೇಕುಗಳೇ ಗತಿ.

ಏರುವಾಗ ಕಥೆ ಬೇರೆ. ಎಸ್ 350 ಡಿ ಮಾದರಿಯ ಆರು ಸಿಲಿಂಡರಿನ ಡೀಸೆಲ್ ಎಂಜಿನ್ 286 ಅಶ್ವಶಕ್ತಿಯನ್ನೂ 600 ನ್ಯೂಟನ್ ಮೀಟರ್ ತಿರುಚುಬಲವನ್ನೂ ಕೊಡುತ್ತದೆ. ಅರಬೈಲಿನಲ್ಲಿ ತೆವಳುವ ಸರಕು ಲಾರಿಯನ್ನು ಹಿಂದಿಕ್ಕಲು ಸಿಗುವ ತೆರವು ಕೆಲವೇ ಸೆಕೆಂಡುಗಳದ್ದು; ಆಗ ಈ ಬಲ ಐಷಾರಾಮವೆನಿಸದೆ ಅಗತ್ಯವೆನಿಸುತ್ತದೆ. ಗಿಡಿದ ತಿರುವುಗಳಲ್ಲಿ ಮಾತ್ರ ಕಾರಿನ ಉದ್ದ ಅಡ್ಡಬರುತ್ತದೆ. ಇದಕ್ಕೆ ಪರಿಹಾರವಾಗಿ ಹಿಂದಿನ ಗಾಲಿಗಳೂ ತಿರುಗುವ ವ್ಯವಸ್ಥೆಯನ್ನು ಎಸ್-ಕ್ಲಾಸಿಗೆ ಅಳವಡಿಸಬಹುದು. ಗರಿಷ್ಠ 10 ಡಿಗ್ರಿ ತಿರುಗುವ ವ್ಯವಸ್ಥೆಯಿದ್ದರೆ ಕಾರು ಪೂರ್ಣ ಸುತ್ತು ಹಾಕಲು ಬೇಕಾದ ಜಾಗ ಸುಮಾರು ಎರಡು ಮೀಟರಿನಷ್ಟು ಕಡಿಮೆಯಾಗುತ್ತದೆ. ಮನೆಯಂಗಳದಲ್ಲಿ ಕಾರು ತಿರುಗಿಸುವವರಿಗೂ ಇದು ಉಪಯುಕ್ತ. ಹಿಂದಿನ ಆಸನವನ್ನು ಮಂಚದಂತೆ ಒರಗಿಸಿಕೊಂಡು ಘಟ್ಟ ಇಳಿಯುವ ಸುಖದ ಬಗ್ಗೆ ಕಂಪನಿಗಳ ಕೈಪಿಡಿ ಬಹಳ ಹೇಳುತ್ತದೆ. ಸಾಲುಸಾಲು ತಿರುವುಗಳಲ್ಲಿ ಒರಗಿ ಕಣ್ಣುಮುಚ್ಚಿದವರಿಗೆ ಹೊಟ್ಟೆ ತೊಳಸುವುದೇ ಹೆಚ್ಚು. ಮನೆಯ ಹಿರಿಯರು ಮುಂದಿನ ಆಸನದಲ್ಲಿ ಕುಳಿತು, ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಳ್ಳುವುದು ಕೋಟಿ ಬೆಲೆಯ ಕಾರಿನಲ್ಲೂ ತಪ್ಪಿದ್ದಲ್ಲ.

ಕಾರಿನ ಹೊಟ್ಟೆ ತಗಲುವ ಸಮಸ್ಯೆ ಇದಕ್ಕಿಂತ ಗಂಭೀರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರದಂತೆ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿರಬೇಕು. ಅಂಥ ಉಬ್ಬನ್ನು ಯಾವ ಸೆಡಾನ್ ಆದರೂ ನಿಧಾನವಾಗಿ ದಾಟುತ್ತದೆ. ಊರೊಳಗಿನ ಉಬ್ಬುಗಳು ಈ ಅಳತೆಯನ್ನು ಓದಿಕೊಂಡಿಲ್ಲ. ಗಾಲಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಚೂಪಾದ ಉಬ್ಬಿನ ನೆತ್ತಿಗೆ ಕಾರಿನ ಮಧ್ಯಭಾಗ ತಗಲುವ ಸಂಭವ ಹೆಚ್ಚು. ಗಾಳಿಯ ಚೀಲಗಳ ಮೇಲೆ ನಿಂತ ಏರ್ ಸಸ್ಪೆನ್ಷನ್ ಇಲ್ಲಿ ನೆರವಾಗುತ್ತದೆ. ಗುಂಡಿ ಒತ್ತಿದರೆ ಎಸ್-ಕ್ಲಾಸ್ 30 ಮಿಲಿಮೀಟರಿನಷ್ಟು ಮೇಲೇಳುತ್ತದೆ. ಆದರೆ ತೋಟದ ಜಂಬಿಟ್ಟಿಗೆ ಮಣ್ಣಿನ ದಾರಿ, ಮಳೆಗೆ ಕೊರೆದುಹೋದ ಚಾಕರಿ, ಹಳ್ಳ ದಾಟುವ ಏರು, ಇವಕ್ಕೆ 30 ಮಿಲಿಮೀಟರ್ ಸಾಲದು. ತೋಟಕ್ಕೆ ಜೀಪೇ ಸರಿ.

ಹಾಗಾದರೆ ಈ ಕಾರಿನ ಹಿತ ಎಲ್ಲಿ? ಶಿರಸಿಯಿಂದ ಹಾವೇರಿ ತಲುಪಿ, ಅಲ್ಲಿಂದ ಪುಣೆ-ಬೆಂಗಳೂರು ಹೆದ್ದಾರಿ ಸೇರಿದ ಮೇಲೆ. ಎರಡು ಪದರದ ಗಾಜು ಹೊರಗಿನ ಸದ್ದನ್ನು ತಡೆಯುತ್ತದೆ. ಗಾಳಿಯ ಚೀಲಗಳು ಕಾಂಕ್ರೀಟಿನ ಕೀಲುಗಳ ತಟತಟವನ್ನು ನುಂಗುತ್ತವೆ. ಮುಂದಿನ ವಾಹನದ ದೂರ ಅಳೆದು ವೇಗ ಹೊಂದಿಸುವ ರೇಡಾರ್ ವ್ಯವಸ್ಥೆ ಚಾಲಕನ ಶ್ರಮವನ್ನು ಇಳಿಸುತ್ತದೆ. ಬೆಳಿಗ್ಗೆ ಹೊರಟು ಮಧ್ಯಾಹ್ನ ಬೆಂಗಳೂರಿನಲ್ಲಿ ವ್ಯವಹಾರದ ಮಾತಿಗೆ ಕೂರಬೇಕಾದವನು ದಣಿಯದೆ ಇಳಿಯುತ್ತಾನೆ. ತಿಂಗಳಿಗೆ ನಾಲ್ಕೈದು ಬಾರಿ ಇಂಥ ಪ್ರಯಾಣವಿರುವ ವರ್ತಕನಿಗೆ ಇದು ಶೋಕಿಯಲ್ಲ. ವರ್ಷಕ್ಕೆ ಎರಡು ಬಾರಿ ಹೋಗುವವನು ಬಾಡಿಗೆ ಕಾರಿನಲ್ಲಿ ಹೋಗಬಹುದು.

ನಿರ್ವಹಣೆಯ ವಿಷಯಕ್ಕೆ ಬಂದರೆ, ಈ ವರ್ಗದ ಕಾರುಗಳ ಅಧಿಕೃತ ಸರ್ವಿಸ್ ಮೂರೂ ತಾಲೂಕುಗಳಲ್ಲಿಲ್ಲ. ಎಳೆದೊಯ್ಯುವ ಲಾರಿ ಎಲ್ಲಿಂದ ಎಷ್ಟು ಹೊತ್ತಿಗೆ ಬರುತ್ತದೆಂದು ಖರೀದಿಗೆ ಮುನ್ನವೇ ಬರಹದಲ್ಲಿ ಕೇಳಿ ಪಡೆಯಬೇಕು. ಗಿಡ್ಡ ಅಂಚಿನ ಟೈರುಗಳು ಗುಂಡಿಗೆ ಬಿದ್ದರೆ ಟೈರಿನೊಡನೆ ರಿಮ್ಮೂ ಹೋಗುತ್ತದೆ. ವಿಮೆಯಲ್ಲಿ ಟೈರ್ ರಕ್ಷಣೆ, ಎಂಜಿನ್‌ಗೆ ನೀರು ನುಗ್ಗಿದಾಗಿನ ರಕ್ಷಣೆ ಎರಡನ್ನೂ ಸೇರಿಸಿಕೊಳ್ಳುವುದು ನಮ್ಮ ಮಳೆಗೆ ಅವಶ್ಯ. ಅಡಿಕೆ ದಾಸ್ತಾನಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿ ಕಡಿಯುವುದು ಈ ಭಾಗದವರಿಗೆ ಹೊಸತಲ್ಲ. ಅಂಬಾಸಡರಿನಲ್ಲಿ ಊರಿನ ಮೆಕ್ಯಾನಿಕ್ ಅರ್ಧ ತಾಸಿನಲ್ಲಿ ಸರಿಪಡಿಸುತ್ತಿದ್ದ ಕಡಿತ, ಇಂದಿನ ಸೆಡಾನಿನಲ್ಲಿ ಇಡೀ ವೈರಿಂಗ್ ಜಾಲದ ಬದಲಾವಣೆಗೆ ಎಡೆಮಾಡೀತು.

ಇನ್ನು ಲೆಕ್ಕಪತ್ರ. ಎಕ್ಸ್ ಶೋರೂಂ ಬೆಲೆ 1 ಕೋಟಿ ರೂಪಾಯಿಯೆಂದು ಇಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ರದ್ದಾಗಿ ಜಿಎಸ್‌ಟಿ ಶೇಕಡಾ 40 ಎಂದು ನಿಗದಿಯಾಯಿತು. ಅದರಂತೆ ಈ ಒಂದು ಕೋಟಿಯಲ್ಲಿ 28.57 ಲಕ್ಷ ಜಿಎಸ್‌ಟಿಯೇ. 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ರಾಜ್ಯದ ಜೀವಾವಧಿ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್. ಇದು ಸುಮಾರು 20 ಲಕ್ಷ. ಹೀಗೆ ರಸ್ತೆಗಿಳಿಯುವ ಹೊತ್ತಿಗೆ, ವಿಮೆಯನ್ನು ಬಿಟ್ಟು, 1.20 ಕೋಟಿ ಖರ್ಚಾಗುತ್ತದೆ. ಅದರಲ್ಲಿ ಐದರಲ್ಲಿ ಎರಡು ಪಾಲು ತೆರಿಗೆ. ಈ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಚಾಲಕ ಸೇರಿ 13 ಆಸನದವರೆಗಿನ ಪ್ರಯಾಣಿಕ ವಾಹನಗಳಿಗೆ, ವಾಹನ ಮಾರಾಟ, ಪ್ರಯಾಣಿಕ ಸಾಗಣೆ, ಚಾಲನಾ ತರಬೇತಿಯಂಥ ವ್ಯವಹಾರದವರನ್ನು ಬಿಟ್ಟು ಉಳಿದವರಿಗೆ ಕಾಯ್ದೆ ಅದನ್ನು ನಿರ್ಬಂಧಿಸಿದೆ. ಅಂಥ ಕಾರಿನ ದುರಸ್ತಿ, ವಿಮೆಗಳ ಮೇಲಿನ ಜಿಎಸ್‌ಟಿಗೂ ಇದೇ ಗತಿ. ಕಾರು ಸಂಸ್ಥೆಯ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಕ್ರೆಡಿಟ್ ತೆಗೆದುಕೊಂಡವರು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ.

ಆದಾಯ ತೆರಿಗೆಯಲ್ಲಿ ಸವಕಳಿ ಶೇಕಡಾ 15. ಒಂದು ಕೋಟಿ ಐದು ಪೂರ್ಣ ವರ್ಷಗಳಲ್ಲಿ ಪುಸ್ತಕದಲ್ಲಿ 44.37 ಲಕ್ಷಕ್ಕೆ ಇಳಿಯುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ದೀಪಾವಳಿಯ ಮುಹೂರ್ತಕ್ಕೆ ಕಾರು ತರುವವರಿಗೆಲ್ಲ ಮೊದಲ ವರ್ಷ ಏಳೂವರೆಯೇ ಪ್ರಾಪ್ತಿ. ಮನೆಯ ಬಳಕೆಯ ಪಾಲನ್ನು ವ್ಯವಹಾರದ ಖರ್ಚಿನಿಂದ ಕಳೆಯಬೇಕು. ಅಂದಾಜು ಲಾಭದ ಮೇಲೆ ತೆರಿಗೆ ಸಲ್ಲಿಸುವ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗೆ ಸವಕಳಿ ಪ್ರತ್ಯೇಕವಾಗಿ ಸಿಗುವುದೇ ಇಲ್ಲ. ಕಮಿಷನ್ ಅಥವಾ ದಲಾಲಿ ಆದಾಯದವರಿಗೆ ಆ ಯೋಜನೆ ಅನ್ವಯಿಸದ ಕಾರಣ, ಅವರು ನಿಯಮಿತ ಲೆಕ್ಕವಿಟ್ಟು ಸವಕಳಿ ಪಡೆಯಬಹುದು. ಸ್ವಂತ ತೋಟದ ಕೃಷಿ ಆದಾಯಕ್ಕೆ ಸಂಬಂಧಿಸಿದ ಓಡಾಟವನ್ನು ವ್ಯಾಪಾರದ ಖರ್ಚೆಂದು ತೋರಿಸಲಾಗದು. ತೋಟ, ಮಂಡಿ ಎರಡನ್ನೂ ಹೊಂದಿರುವವರು ಓಡಾಟದ ಪುಸ್ತಕವೊಂದನ್ನು ಇಟ್ಟರೆ ವಿಚಾರಣೆಯ ವೇಳೆ ಅನುಕೂಲ.

ಸಾಲ ಮಾಡಿ ಕೊಂಡರೆ, 80 ಲಕ್ಷಕ್ಕೆ ಶೇಕಡಾ 9ರಂತೆ ಐದು ವರ್ಷದ ಕಂತು ತಿಂಗಳಿಗೆ 1.66 ಲಕ್ಷ. ಸ್ವಂತ ಹಣವಾದರೆ ಲೆಕ್ಕ ಇನ್ನೂ ಖಾರ. ಕ್ವಿಂಟಲಿಗೆ 45,000 ರೂಪಾಯಿಯೆಂದು ಹಿಡಿದರೆ 1.20 ಕೋಟಿ ಎಂದರೆ 266 ಕ್ವಿಂಟಲ್ ಚಾಲಿ ಅಡಿಕೆ. ಆ ಹಣ ವರ್ಷಕ್ಕೆ ನಾಲ್ಕು ಬಾರಿ ತಿರುಗಿ, ಪ್ರತಿ ಬಾರಿ ಶೇಕಡಾ 2 ಉಳಿಸಿದರೂ 9.60 ಲಕ್ಷ. ಮಾಲು ಬರುವ ತಿಂಗಳುಗಳಲ್ಲಿ ರೈತನಿಗೆ ಸಕಾಲಕ್ಕೆ ಹಣ ಕೊಡಲಾಗದ ವ್ಯಾಪಾರಿ ಕಳೆದುಕೊಳ್ಳುವುದು ಈ ಮೊತ್ತವನ್ನಷ್ಟೇ ಅಲ್ಲ. ಆ ರೈತ ಮುಂದಿನ ವರ್ಷ ಬೇರೆ ಅಂಗಡಿಗೆ ಹೋಗುತ್ತಾನೆ. ಅಣ್ಣತಮ್ಮಂದಿರ ಪಾಲುದಾರಿಕೆ ಸಂಸ್ಥೆಗಳಲ್ಲಿ ಒಬ್ಬರು ಬಳಸುವ ಕಾರಿಗೆ ಎಲ್ಲರ ಬಂಡವಾಳ ಹೋಗುವುದಾದರೆ, ಮೊದಲೇ ಎಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರುವುದು ಒಳಿತು.

ದೊಡ್ಡ ಸೆಡಾನುಗಳ ಮರುಮಾರಾಟದ ಬೆಲೆ ಮೊದಲ ವರ್ಷಗಳಲ್ಲೇ ವೇಗವಾಗಿ ಕುಸಿಯುತ್ತದೆ. ಆದ್ದರಿಂದ ಮೂರು ನಾಲ್ಕು ವರ್ಷ ಓಡಿದ, ಸರ್ವಿಸ್ ದಾಖಲೆ ಪೂರ್ಣವಾಗಿರುವ ಕಾರನ್ನು ಕೊಳ್ಳುವವರ ಲೆಕ್ಕ ಜಾಣತನದ್ದು. ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲಗಳನ್ನು ಮಾತ್ರ ತಜ್ಞರಿಂದ ಪರೀಕ್ಷಿಸಿಯೇ ಮುಂಗಡ ಕೊಡಬೇಕು. ಮಾರುವವರು ಜಿಎಸ್‌ಟಿ ನೋಂದಣಿ ಹೊಂದಿ ಸವಕಳಿ ಪಡೆದಿದ್ದರೆ, 2025ರ ಜನವರಿಯಲ್ಲಿ ಪರಿಷ್ಕೃತವಾದ ನಿಯಮದಂತೆ ಮಾರಾಟ ಬೆಲೆಯಿಂದ ಸವಕಳಿ ಕಳೆದ ಮೌಲ್ಯವನ್ನು ತೆಗೆದು ಉಳಿದ ಅಂತರದ ಮೇಲೆ ಶೇಕಡಾ 18 ತೆರಿಗೆ. ಮೇಲಿನ ಉದಾಹರಣೆಯ ಕಾರು ಐದು ವರ್ಷದ ನಂತರ 50 ಲಕ್ಷಕ್ಕೆ ಹೋದರೆ 5.63 ಲಕ್ಷದ ಮೇಲೆ ಸುಮಾರು 1.01 ಲಕ್ಷ ತೆರಿಗೆ ಬರುತ್ತದೆ. 40 ಲಕ್ಷಕ್ಕೆ ಹೋದರೆ ಏನೂ ಇಲ್ಲ.